ಡಾ. ಪಿ.ಕೆ. ಸೇನ್: ಮುಂಬೈಯಲ್ಲಿ ದೇಶದ ಮೊದಲ ಹೃದಯ ಕಸಿ ಮಾಡಿದ ವೈದ್ಯ, ಅವರ ಕಾಲಕ್ಕೆ ಸಿಗದ ಉತ್ತರ ಇಂದು ಎಲ್ಲಿಗೆ ಬಂದಿದೆ?

ಮುಂಬೈ: ಬೊರಿವಲಿ ಸ್ಟೇಷನ್‌ನಲ್ಲಿ ಬೆಳಗಿನ ಚರ್ಚ್‌ಗೇಟ್ ಫಾಸ್ಟ್ ಲೋಕಲ್‌ಗೆ ಕಾಯುವವರಲ್ಲಿ ಎಲ್ಲರೂ ಆಫೀಸಿಗೆ ಹೊರಟವರಲ್ಲ. ಕೈಯಲ್ಲಿ ಆಸ್ಪತ್ರೆಯ ಫೈಲ್ ಹಿಡಿದು ನಿಂತವರೂ ಇರುತ್ತಾರೆ. ದಾದರ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ ಹಿಡಿದು ಪರೇಲ್‌ನ ಕೆಇಎಂ ಆಸ್ಪತ್ರೆ ಸೇರುವುದು ಪಶ್ಚಿಮ ಉಪನಗರದ ಬಡ ಮತ್ತು ಮಧ್ಯಮ ವರ್ಗದ ರೋಗಿಗಳಿಗೆ ಹಳೆಯ ರೂಢಿ. ಊರು ಬಿಟ್ಟು ಬಂದು ಇಲ್ಲಿ ನೆಲೆಸಿದ ಕನ್ನಡ ಮತ್ತು ತುಳು ಕುಟುಂಬಗಳಿಗೂ ಈ ದಾರಿ ಹೊಸದಲ್ಲ.

ಅದೇ ಕೆಇಎಂ ಆಸ್ಪತ್ರೆಯಲ್ಲಿ 1968ರ ಫೆಬ್ರುವರಿ 17ರಂದು ಭಾರತದ ಮೊದಲ ಹೃದಯ ಕಸಿ ನಡೆಯಿತು. ಮನುಷ್ಯನ ಹೃದಯವನ್ನು ಇನ್ನೊಬ್ಬ ಮನುಷ್ಯನಿಗೆ ಜೋಡಿಸಿದ ಜಗತ್ತಿನ ಆರನೇ ಪ್ರಯತ್ನ ಅದು. ಅದನ್ನು ಮುನ್ನಡೆಸಿದವರು ಡಾ. ಪ್ರಫುಲ್ಲ ಕುಮಾರ್ ಸೇನ್. ಹೊಸ ಹೃದಯ ಪಡೆದ ರೋಗಿ ಬದುಕಿದ್ದು ಸುಮಾರು ಮೂರು ಗಂಟೆ ಮಾತ್ರ.

ಮೂರೇ ಗಂಟೆಯಲ್ಲಿ ಮುಗಿದ ಆ ಶಸ್ತ್ರಚಿಕಿತ್ಸೆಯನ್ನು ಇಂದಿಗೂ ನೆನೆಯುವುದೇಕೆ? ಅಂಗಾಂಗ ಕಸಿ ಎಂದರೆ ಬರೀ ಹೊಲಿಗೆಯ ಕೆಲಸವಲ್ಲ ಎಂಬ ಪಾಠ ನಮ್ಮ ದೇಶಕ್ಕೆ ಸಿಕ್ಕಿದ್ದು ಆ ವರ್ಷಗಳಲ್ಲಿ. ಸೇನ್ ಅವರ ಕೈಚಳಕ ಜಗತ್ತಿನ ದೊಡ್ಡ ಶಸ್ತ್ರಚಿಕಿತ್ಸಕರ ಸಾಲಿನಲ್ಲಿ ನಿಲ್ಲುವಂಥದ್ದಾಗಿತ್ತು. ಆದರೆ ಬೇರೆಯವರ ಅಂಗವನ್ನು ರೋಗಿಯ ದೇಹ ಒಪ್ಪಿಕೊಳ್ಳುವಂತೆ ಮಾಡುವ ವಿದ್ಯೆ ಆಗಿನ್ನೂ ಯಾರ ಕೈಯಲ್ಲೂ ಪೂರ್ತಿ ಇರಲಿಲ್ಲ.

ಕೋಲ್ಕತ್ತಾದಲ್ಲಿ ಜನನ, ಪರೇಲ್‌ನಲ್ಲಿ ಬದುಕು

ಪ್ರಫುಲ್ಲ ಕುಮಾರ್ ಸೇನ್ ಹುಟ್ಟಿದ್ದು 1915ರ ಡಿಸೆಂಬರ್ 7ರಂದು, ಕೋಲ್ಕತ್ತಾದಲ್ಲಿ. ಬಾಲ್ಯ ಕಳೆದದ್ದು ನಾಗ್ಪುರದಲ್ಲಿ. ಬದುಕಿನ ದೊಡ್ಡ ಭಾಗ ಸಂದದ್ದು ಮುಂಬೈಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಹೊಂದಿಕೊಂಡ ಕೆಇಎಂ ಆಸ್ಪತ್ರೆಯಲ್ಲಿ.

ಈ ಎರಡು ಸಂಸ್ಥೆಗಳ ಹುಟ್ಟಿನ ಕಥೆಯೂ ಇಲ್ಲಿ ಮುಖ್ಯ. 1926ರಲ್ಲಿ ಆರಂಭವಾದ ಈ ಕಾಲೇಜಿಗೆ ಸೇಠ್ ಗೋರ್ಧನ್‌ದಾಸ್ ಸುಂದರ್‌ದಾಸ್ ಅವರ ಆಸ್ತಿಯಿಂದ ಹಣ ಬಂದಿತ್ತು. ಜೊತೆಗೆ ಒಂದು ಷರತ್ತೂ ಇತ್ತು: ಇಲ್ಲಿ ಪಾಠ ಹೇಳುವವರು ಭಾರತೀಯರೇ ಆಗಿರಬೇಕು. ದೊಡ್ಡ ಹುದ್ದೆಗಳೆಲ್ಲ ಬ್ರಿಟಿಷ್ ವೈದ್ಯರ ಪಾಲಾಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಭಾರತೀಯ ವೈದ್ಯರು ಯಾರಿಗೂ ಕಡಿಮೆಯಿಲ್ಲ ಎಂದು ತೋರಿಸುವ ಹಟ ಆ ಕಟ್ಟಡಗಳ ಅಡಿಪಾಯದಲ್ಲೇ ಇತ್ತು. ಸೇನ್ ಆ ಹಟದ ವಾರಸುದಾರರಾಗಿ ಬೆಳೆದರು.

1940ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಂದಿಗೆ ಅವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಎರಡನೇ ಮಹಾಯುದ್ಧ ಮುಗಿದು, ಹೃದಯದ ಶಸ್ತ್ರಚಿಕಿತ್ಸೆ ಆಗಷ್ಟೇ ಕಣ್ಣುಬಿಡುತ್ತಿದ್ದ ಕಾಲ. ಅಲ್ಲಿ ಕಂಡದ್ದನ್ನು ಮುಂಬೈಯಲ್ಲಿ ಮಾಡಿ ತೋರಿಸಬೇಕೆಂಬ ಆಸೆ ಹೊತ್ತು ಅವರು ಮರಳಿದರು.

ಆದರೆ ಇಲ್ಲಿನ ಪರಿಸ್ಥಿತಿ ಬೇರೆ ಇತ್ತು. ಗಿರಣಿಗಳ ನಡುವಿನ ಪರೇಲ್‌ನ ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಚಾಳ್‌ಗಳ ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ವಾಸಿಸುತ್ತಿದ್ದ ಕಾರ್ಮಿಕ ಕುಟುಂಬದವರು. ಚಿಕ್ಕವರಿದ್ದಾಗ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಮುದುಡಿಕೊಂಡ ಯುವಕ ಯುವತಿಯರು ಉಸಿರಾಡಲೂ ಆಗದೆ ಬರುತ್ತಿದ್ದರು. ಇಂಥವರಿಗೆ ಮುಚ್ಚಿದ ಹೃದಯದೊಳಗೆ ಬೆರಳು ತೂರಿಸಿ ಕವಾಟ ಬಿಡಿಸುವ ಶಸ್ತ್ರಚಿಕಿತ್ಸೆಯನ್ನು 1950ರ ದಶಕದಲ್ಲಿ ಸೇನ್ ಮತ್ತು ಅವರ ತಂಡ ನಡೆಸಿತು.

ಹೃದಯವನ್ನು ನಿಲ್ಲಿಸಿ, ತೆರೆದು ಕೆಲಸ ಮಾಡಬೇಕೆಂದರೆ ಅಷ್ಟು ಹೊತ್ತು ರಕ್ತಕ್ಕೆ ಆಮ್ಲಜನಕ ಬೆರೆಸಿ ದೇಹಕ್ಕೆ ಹರಿಸುವ ಹಾರ್ಟ್-ಲಂಗ್ ಯಂತ್ರ ಬೇಕು. ವಿದೇಶದಿಂದ ತರಿಸಲು ಹಣವೂ ಕಷ್ಟ, ಪರವಾನಗಿಯೂ ಕಷ್ಟ. ತಂದರೂ ಬಿಡಿಭಾಗ ಸಿಗುತ್ತಿರಲಿಲ್ಲ. ಅದಕ್ಕಾಗಿ ಮುಂಬೈಯಲ್ಲೇ ಯಂತ್ರ ತಯಾರಿಸುವ ಪ್ರಯತ್ನಗಳು ನಡೆದವು. ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದ ಮೇಲೆ, 1960ರ ದಶಕದ ಆರಂಭದ ಹೊತ್ತಿಗೆ ಕೆಇಎಂನಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ನೆಲೆ ಕಂಡಿತು.

ಹಾವಿನ ಹೃದಯದಿಂದ ಹೊಳೆದ ಉಪಾಯ

ಸೇನ್ ಅವರ ಯೋಚನೆಯ ರೀತಿ ತಿಳಿಯಲು ಒಂದು ಉದಾಹರಣೆ ಸಾಕು. ಮನುಷ್ಯನ ಹೃದಯದ ಸ್ನಾಯುವಿಗೆ ರಕ್ತ ಪೂರೈಸುವುದು ಅದರ ಹೊರಮೈ ಮೇಲೆ ಹರಿಯುವ ಕೊರೊನರಿ ರಕ್ತನಾಳಗಳು. ಅವು ಕಟ್ಟಿಕೊಂಡರೆ ಹೃದಯಾಘಾತ. ಆದರೆ ಹಾವಿನಂಥ ಸರೀಸೃಪಗಳ ಹೃದಯದ ಗೋಡೆ ಸ್ಪಂಜಿನಂತಿರುತ್ತದೆ. ಒಳಗಿನ ಕೋಣೆಯಿಂದಲೇ ರಕ್ತ ನೇರವಾಗಿ ಸ್ನಾಯುವಿಗೆ ಇಳಿಯುತ್ತದೆ.

ಹಾಗಾದರೆ ಕೊರೊನರಿ ನಾಳ ಕಟ್ಟಿಕೊಂಡ ಹೃದಯದ ಗೋಡೆಯಲ್ಲಿ ಸೂಜಿಯಿಂದ ಸಣ್ಣ ಸಣ್ಣ ದಾರಿ ಕೊರೆದರೆ ರಕ್ತ ಒಳಗಿನಿಂದಲೇ ಸ್ನಾಯುವಿಗೆ ಸೇರಬಹುದಲ್ಲವೇ? ಈ ಪ್ರಶ್ನೆ ಹಿಡಿದು ಸೇನ್ ಮತ್ತು ಸಹೋದ್ಯೋಗಿಗಳು ಪ್ರಯೋಗ ಮಾಡಿ, 1965ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಮುಂದೆ ಇದೇ ಯೋಚನೆಯನ್ನು ಲೇಸರ್ ಬಳಸಿ ಮಾಡುವ ವಿಧಾನ ಬಂತು. 1998ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಅಷ್ಟು ಹೊತ್ತಿಗೆ ಸೇನ್ ತೀರಿಕೊಂಡು 16 ವರ್ಷಗಳಾಗಿದ್ದವು.

ಮಹಾಧಮನಿಯ ಗೋಡೆ ಉರಿಯೂತದಿಂದ ದಪ್ಪಗಟ್ಟಿ ಕಿರಿದಾಗುವ ಕಾಯಿಲೆಯ ಬಗ್ಗೆಯೂ ಅವರು ಆಳವಾಗಿ ಕೆಲಸ ಮಾಡಿದರು. 101 ರೋಗಿಗಳ ಅಧ್ಯಯನದ ಆಧಾರದಲ್ಲಿ ರೋಗಶಾಸ್ತ್ರಜ್ಞ ಕಿಣರೆ ಮತ್ತು ಇತರ ಸಹೋದ್ಯೋಗಿಗಳ ಜೊತೆ ಬರೆದ ಗ್ರಂಥ ಈ ಕಾಯಿಲೆಯ ಮೇಲಿನ ಮುಖ್ಯ ಭಾರತೀಯ ಅಧ್ಯಯನಗಳಲ್ಲೊಂದು. ಆಸ್ಪತ್ರೆಯ ಹೊರಗೆ ಅವರಿಗೆ ಚಿತ್ರಕಲೆಯ ಒಲವೂ ಇತ್ತು.

1965: ಮೊದಲು ಕಿಡ್ನಿ

ಹೃದಯಕ್ಕಿಂತ ಮೊದಲು ಕೆಇಎಂ ಕೈಹಾಕಿದ್ದು ಕಿಡ್ನಿಗೆ. 1965ರ ಮೇ ತಿಂಗಳಲ್ಲಿ ಮೃತ ವ್ಯಕ್ತಿಯೊಬ್ಬರ ಮೂತ್ರಪಿಂಡವನ್ನು ಇಲ್ಲಿ ರೋಗಿಯೊಬ್ಬರಿಗೆ ಕಸಿ ಮಾಡಲಾಯಿತು. ಭಾರತದಲ್ಲಿ ಮನುಷ್ಯನಿಗೆ ಮಾಡಿದ ಮೊದಲ ಕಿಡ್ನಿ ಕಸಿ ಎಂದು ದಾಖಲಾಗಿರುವುದು ಇದೇ. ರೋಗಿ 11ನೇ ದಿನ ತೀರಿಕೊಂಡರು.

ಅಷ್ಟರಲ್ಲಾಗಲೇ ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ 1954ರ ಡಿಸೆಂಬರ್‌ನಲ್ಲಿ ಕಿಡ್ನಿ ಕಸಿಯಲ್ಲಿ ಗೆದ್ದಿದ್ದರು. ಆದರೆ ಅಲ್ಲಿ ಕೊಟ್ಟವರು ಮತ್ತು ಪಡೆದವರು ತದ್ರೂಪಿ ಅವಳಿ ಸಹೋದರರು. ಇಬ್ಬರ ದೇಹದ ಗುರುತೂ ಒಂದೇ ಆಗಿದ್ದರಿಂದ ಜಗಳಕ್ಕೆ ಕಾರಣವೇ ಇರಲಿಲ್ಲ. ಅವಳಿಗಳಲ್ಲದವರ ನಡುವೆ ಕಸಿ ಮಾಡಿದಾಗ ಏಕೆ ಕೈಕೊಡುತ್ತದೆ ಎಂಬುದೇ ದೊಡ್ಡ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಿದವರು ಸೇನ್ ಹುಟ್ಟಿದ ವರ್ಷವೇ ಹುಟ್ಟಿದ ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಟ್ಟ ಗಾಯಗಳಿಗೆ ಚರ್ಮ ಕಸಿ ಮಾಡುವಾಗ ಅವರೊಂದು ಸಂಗತಿ ಗಮನಿಸಿದರು. ಬೇರೆಯವರ ಚರ್ಮ ಹಚ್ಚಿದರೆ ಕೆಲವು ದಿನಗಳಲ್ಲಿ ಉದುರುತ್ತದೆ. ಅದೇ ವ್ಯಕ್ತಿಯ ಚರ್ಮವನ್ನು ಎರಡನೇ ಸಲ ಹಚ್ಚಿದರೆ ಇನ್ನೂ ಬೇಗ ಉದುರುತ್ತದೆ. ಅಂದರೆ ದೇಹ ಮೊದಲ ಸಲ ಕಂಡ ಪರಕೀಯವನ್ನು ನೆನಪಿಟ್ಟುಕೊಂಡಿದೆ. ಕಸಿ ಸೋಲುವುದು ರೋಗನಿರೋಧಕ ವ್ಯವಸ್ಥೆಯಿಂದ ಎಂಬುದು ಹೀಗೆ ಖಚಿತವಾಯಿತು. ಮೆಡಾವರ್‌ಗೆ 1960ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇತ್ತ ಪ್ಯಾರಿಸ್‌ನಲ್ಲಿ ಜೀನ್ ಡಾಸೆ 1958ರಲ್ಲಿ ಬಿಳಿ ರಕ್ತಕಣಗಳ ಮೇಲಿನ ಒಂದು ಗುರುತನ್ನು ಪತ್ತೆಹಚ್ಚಿದರು. ಮುಂದೆ ಎಚ್‌ಎಲ್‌ಎ ಎಂದು ಹೆಸರಾದ ಗುರುತುಗಳಲ್ಲಿ ಅದು ಮೊದಲನೆಯದು. ರಕ್ತದ ಗುಂಪು ಹೊಂದಿದರೂ ಈ ಗುರುತುಗಳು ಒಬ್ಬರಿಂದ ಒಬ್ಬರಿಗೆ ಬೇರೆ ಬೇರೆ. ಆದರೆ ಇವುಗಳನ್ನು ಸುಲಭವಾಗಿ ಪರೀಕ್ಷಿಸುವ ವಿಧಾನ 1965ರಲ್ಲಿ ಇನ್ನೂ ಎಳವೆಯಲ್ಲಿತ್ತು.

ಆ ಫೆಬ್ರುವರಿ, ಆ ಸೆಪ್ಟೆಂಬರ್

1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡ್ ಮೊದಲ ಹೃದಯ ಕಸಿ ಮಾಡಿದಾಗ ಇಡೀ ಜಗತ್ತು ಬೆರಗಾಯಿತು. ಮುಂಬೈಯ ಸೇನ್ ತಂಡಕ್ಕೆ ಆ ಸುದ್ದಿ ಹೊಸ ವಿಷಯವೇನೂ ಆಗಿರಲಿಲ್ಲ. ಪ್ರಾಣಿಗಳ ಹೃದಯ ಕಸಿಯಲ್ಲಿ ಹೆಸರಾಗಿದ್ದ ಸೋವಿಯತ್ ವಿಜ್ಞಾನಿ ವ್ಲಾದಿಮಿರ್ ಡೆಮಿಖೋವ್ ಅವರ ಕೆಲಸ ಸೇನ್‌ಗೆ ಗೊತ್ತಿತ್ತು. ಕೆಇಎಂನ ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಕಸಿ ಪ್ರಯೋಗಗಳು ಹಲವು ವರ್ಷಗಳಿಂದ ನಡೆದಿದ್ದವು. ಡಾ. ಜಿ.ಬಿ. ಪಾರುಲ್ಕರ್, ಡಾ. ಎಸ್.ಆರ್. ಪಾಂಡೆ ಅವರಂಥ ಕಿರಿಯರು ಜೊತೆಗಿದ್ದರು.

ಬರ್ನಾರ್ಡ್ ನಂತರ ಅಮೆರಿಕದ ಏಡ್ರಿಯನ್ ಕಾಂಟ್ರೊವಿಟ್ಜ್ ಮತ್ತು ನಾರ್ಮನ್ ಶಮ್ವೇ ಈ ಶಸ್ತ್ರಚಿಕಿತ್ಸೆ ಮಾಡಿದರು. ನಾಲ್ಕನೆಯವರೇ ಸೇನ್. ಅಪಘಾತದಲ್ಲಿ ತಲೆಗೆ ತೀವ್ರ ಪೆಟ್ಟು ಬಿದ್ದಿದ್ದ ಯುವತಿಯೊಬ್ಬರ ಹೃದಯವನ್ನು, ಹೃದಯ ಪೂರ್ತಿ ಸೋತಿದ್ದ ಯುವ ರೈತನೊಬ್ಬನಿಗೆ ಜೋಡಿಸಲಾಯಿತು. ಹೊಸ ಹೃದಯ ಬಡಿದುಕೊಂಡಿತು. ಆದರೆ ಸುಮಾರು ಮೂರು ಗಂಟೆಯ ಮೇಲೆ ನಿಂತಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸೇನ್ ಮತ್ತೊಮ್ಮೆ ಪ್ರಯತ್ನಿಸಿದರು. ಈ ಸಲ ರೋಗಿ 14 ಗಂಟೆ ಬದುಕಿದರು.

ಎರಡೂ ಸಲ ಸೋತಿದ್ದು ಹೊಲಿಗೆ ಬಿಟ್ಟಿದ್ದರಿಂದಲ್ಲ. ದೇಹ ಹೃದಯವನ್ನು ತಿರಸ್ಕರಿಸುವಷ್ಟು ಸಮಯವೂ ಸಿಕ್ಕಿರಲಿಲ್ಲ. ಬಹುಕಾಲದ ಹೃದಯರೋಗದಿಂದ ರೋಗಿಗಳ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿತ್ತು. ಅಂಥ ಒತ್ತಡದ ಎದುರು ರಕ್ತ ದೂಡಿ ರೂಢಿಯಿಲ್ಲದ ಹೊಸ ಹೃದಯದ ಬಲಭಾಗ ಬಳಲಿ ಕುಸಿಯಿತು. ಹೃದಯ ಕಸಿಗೆ ಮುನ್ನ ಈ ಒತ್ತಡವನ್ನು ಅಳೆಯಲೇಬೇಕು ಎಂಬುದು ಇಂದು ಎಲ್ಲ ಕೇಂದ್ರಗಳಲ್ಲೂ ಕಡ್ಡಾಯ ನಿಯಮ. ಆ ನಿಯಮದ ಹಿಂದೆ ಪರೇಲ್‌ನ ಈ ಇಬ್ಬರು ರೋಗಿಗಳಂಥವರ ಸಾವಿದೆ.

ಇನ್ನೊಂದು ತೊಡಕು ಕಾನೂನಿನದ್ದು. ಮೆದುಳು ಪೂರ್ತಿ ನಿಷ್ಕ್ರಿಯವಾದ ಮೇಲೂ ಯಂತ್ರದ ನೆರವಿನಿಂದ ಹೃದಯ ಬಡಿಯುತ್ತಿರಬಹುದು. ಅಂಥವರನ್ನು ಮೃತರೆಂದು ಪರಿಗಣಿಸಬಹುದೇ? ಇದಕ್ಕೆ ಮಾನದಂಡ ಸೂಚಿಸಿದ ಹಾರ್ವರ್ಡ್ ಸಮಿತಿಯ ವರದಿ ಬಂದದ್ದೇ 1968ರ ಆಗಸ್ಟ್‌ನಲ್ಲಿ. ಸೇನ್ ಅವರ ಎರಡು ಶಸ್ತ್ರಚಿಕಿತ್ಸೆಗಳ ನಡುವೆ. ಭಾರತದಲ್ಲಿ ಅಂಥ ಕಾನೂನು ಬರಲು ಇನ್ನೂ 26 ವರ್ಷ ಬೇಕಾಯಿತು.

ಜಗತ್ತೇ ಕೈಬಿಟ್ಟ ಶಸ್ತ್ರಚಿಕಿತ್ಸೆ

1968ರಲ್ಲಿ ಜಗತ್ತಿನಾದ್ಯಂತ ನೂರಕ್ಕೂ ಹೆಚ್ಚು ಹೃದಯ ಕಸಿಗಳು ನಡೆದವು. ಹೆಚ್ಚಿನ ರೋಗಿಗಳು ದಿನಗಳಲ್ಲೋ ತಿಂಗಳುಗಳಲ್ಲೋ ತೀರಿಕೊಂಡರು. ಬರ್ನಾರ್ಡ್ ಅವರ ಮೊದಲ ರೋಗಿ ಬದುಕಿದ್ದು 18 ದಿನ. ತಿರಸ್ಕಾರ ತಡೆಯಲು ಕೊಟ್ಟ ಔಷಧಗಳಿಂದ ನಿರೋಧಕ ಶಕ್ತಿ ಕುಗ್ಗಿ, ನ್ಯುಮೋನಿಯಾ ಅವರನ್ನು ಬಲಿ ತೆಗೆದುಕೊಂಡಿತು.

ಆಗ ವೈದ್ಯರ ಕೈಯಲ್ಲಿದ್ದ ಔಷಧಗಳ ಕಷ್ಟವೇ ಅದು. ಅಜಥಯೊಪ್ರಿನ್ ಮತ್ತು ಸ್ಟೆರಾಯ್ಡ್ ಕಡಿಮೆ ಕೊಟ್ಟರೆ ದೇಹ ಅಂಗವನ್ನು ತಿರಸ್ಕರಿಸುತ್ತದೆ. ಹೆಚ್ಚು ಕೊಟ್ಟರೆ ಸೋಂಕು ರೋಗಿಯನ್ನೇ ಮುಗಿಸುತ್ತದೆ. 1970ರ ದಶಕ ಶುರುವಾಗುವ ಹೊತ್ತಿಗೆ ಹೆಚ್ಚಿನ ಆಸ್ಪತ್ರೆಗಳು ಹೃದಯ ಕಸಿಯನ್ನೇ ನಿಲ್ಲಿಸಿದವು. ಸ್ಟ್ಯಾನ್‌ಫರ್ಡ್‌ನಲ್ಲಿ ಶಮ್ವೇ ಅವರಂಥ ಕೆಲವರು ಮಾತ್ರ ಹಿಡಿದ ಕೆಲಸ ಬಿಡಲಿಲ್ಲ.

ಮುಂಬೈಯಲ್ಲೂ ಸೇನ್ ಮೂರನೇ ಹೃದಯ ಕಸಿಗೆ ಮುಂದಾಗಲಿಲ್ಲ. 1969ರಲ್ಲಿ ಅವರಿಗೆ ಪದ್ಮಭೂಷಣ ಗೌರವ ಸಂದಿತು.

ಪ್ರತಿಕಾಯದ ಗುಟ್ಟು ಬಯಲು

ಸೇನ್ ಎರಡನೇ ಹೃದಯ ಕಸಿ ಮಾಡಿದ ಮರುವರ್ಷ, 1969ರಲ್ಲಿ, ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಮನ್ ಪಟೇಲ್ ಮತ್ತು ಪಾಲ್ ಟೆರಾಸಾಕಿ. ಟೆರಾಸಾಕಿ ಹಿಂದೆ ಲಂಡನ್‌ನಲ್ಲಿ ಮೆಡಾವರ್ ಅವರ ಬಳಿಯೇ ಸಂಶೋಧನೆ ಮಾಡಿ ಬಂದವರು.

ಅವರು ನೋಡಿದ್ದು ಸರಳ ಪರೀಕ್ಷೆಯೊಂದನ್ನು. ಕಸಿಗೆ ಮುಂಚೆ ರೋಗಿಯ ರಕ್ತದ ಸೀರಮ್ ತೆಗೆದು ದಾನಿಯ ಬಿಳಿ ರಕ್ತಕಣಗಳ ಜೊತೆ ಸೇರಿಸುವುದು. ಕಣಗಳು ಸತ್ತರೆ ರೋಗಿಯ ರಕ್ತದಲ್ಲಿ ಆ ದಾನಿಯ ವಿರುದ್ಧ ಪ್ರತಿಕಾಯಗಳು ಮೊದಲೇ ಇವೆ ಎಂದರ್ಥ. ಇದೇ ಕ್ರಾಸ್‌ಮ್ಯಾಚ್. ಒಟ್ಟು 225 ಕಿಡ್ನಿ ಕಸಿಗಳನ್ನು ಅವರು ಪರಿಶೀಲಿಸಿದರು. ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದ 30 ಮಂದಿಯಲ್ಲಿ 24 ಮಂದಿಗೆ ಕಿಡ್ನಿ ತಕ್ಷಣವೇ ವಿಫಲವಾಗಿತ್ತು. ನೆಗೆಟಿವ್ ಇದ್ದ 195 ಮಂದಿಯಲ್ಲಿ ಹಾಗಾಗಿದ್ದು 8 ಮಂದಿಗೆ ಮಾತ್ರ.

ಅಂಕಿ ಅಷ್ಟು ಸ್ಪಷ್ಟವಾಗಿತ್ತು. ಮೊದಲೇ ಪ್ರತಿಕಾಯ ಇರುವ ರೋಗಿಗೆ ಆ ದಾನಿಯ ಕಿಡ್ನಿ ಜೋಡಿಸಿದರೆ, ರಕ್ತ ಹರಿಯಬಿಟ್ಟ ನಿಮಿಷಗಳಲ್ಲೋ ಗಂಟೆಗಳಲ್ಲೋ ಅಂಗ ನೀಲಿಗಟ್ಟುತ್ತದೆ. ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಶಸ್ತ್ರಚಿಕಿತ್ಸಕ ಎಷ್ಟೇ ನಿಪುಣನಾದರೂ ಆಗ ಮಾಡುವುದೇನೂ ಉಳಿದಿರುವುದಿಲ್ಲ. ಕ್ರಾಸ್‌ಮ್ಯಾಚ್ ಇಲ್ಲದೆ ಕಿಡ್ನಿ ಕಸಿ ಮಾಡಬಾರದು ಎಂಬುದು ಅಲ್ಲಿಂದ ಮುಂದೆ ಜಗತ್ತಿನ ನಿಯಮವಾಯಿತು.

ಪ್ರತಿಕಾಯ ಎಲ್ಲಿಂದ ಬರುತ್ತದೆ?

ಬೇರೆಯವರ ಜೀವಕೋಶಗಳು ಒಮ್ಮೆ ದೇಹದೊಳಗೆ ಬಂದು ಹೋದರೆ ಅವುಗಳ ಎಚ್‌ಎಲ್‌ಎ ಗುರುತಿನ ವಿರುದ್ಧ ಪ್ರತಿಕಾಯ ಹುಟ್ಟಬಹುದು. ಇದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ: ರಕ್ತ ಪಡೆದಿರುವುದು, ಹಿಂದೆ ಒಮ್ಮೆ ಅಂಗ ಕಸಿ ಆಗಿರುವುದು ಮತ್ತು ಗರ್ಭ ಧರಿಸಿರುವುದು.

ಮೂರನೆಯದು ನಮ್ಮ ಮನೆಗಳಲ್ಲಿ ಬಹಳ ನೋವಿನ ಸಂಗತಿಯಾಗುತ್ತದೆ. ಮಗುವಿಗೆ ಅರ್ಧ ಗುರುತು ತಾಯಿಯಿಂದ, ಇನ್ನರ್ಧ ತಂದೆಯಿಂದ ಬರುತ್ತದೆ. ಗರ್ಭದಲ್ಲಿರುವ ಮಗುವಿನ ಮೂಲಕ ತಾಯಿಯ ದೇಹ ಗಂಡನ ಗುರುತನ್ನು ಕಂಡು, ಅದರ ವಿರುದ್ಧ ಪ್ರತಿಕಾಯ ತಯಾರಿಸಿರಬಹುದು. ಎರಡು ಮೂರು ಮಕ್ಕಳನ್ನು ಹೆತ್ತ ಹೆಂಗಸಿನ ಕಿಡ್ನಿ ಸೋತಾಗ ಗಂಡ ತನ್ನ ಕಿಡ್ನಿ ಕೊಡಲು ಮುಂದೆ ಬರುತ್ತಾನೆ. ರಕ್ತದ ಗುಂಪೂ ಹೊಂದುತ್ತದೆ. ಆದರೆ ಕ್ರಾಸ್‌ಮ್ಯಾಚ್ ಪಾಸಿಟಿವ್. ಮಕ್ಕಳು ಕೊಡುತ್ತೇವೆಂದರೂ ಅವರಲ್ಲಿರುವುದು ಅಪ್ಪನ ಅದೇ ಅರ್ಧ ಗುರುತು.

ಇಂಥ ರೋಗಿಯ ರಕ್ತದಲ್ಲಿರುವುದು ಎಲ್ಲರ ವಿರುದ್ಧದ ಪ್ರತಿಕಾಯವಲ್ಲ, ನಿರ್ದಿಷ್ಟ ದಾನಿಯ ವಿರುದ್ಧದ ಪ್ರತಿಕಾಯ. ಅಂದರೆ ಒಬ್ಬರ ಕಿಡ್ನಿ ಆಗದಿದ್ದರೂ ಇನ್ನೊಬ್ಬರದು ಆಗಬಹುದು. ಇಂದಿನ ಚಿಕಿತ್ಸೆಯೆಲ್ಲ ನಿಂತಿರುವುದು ಈ ಭರವಸೆಯ ಮೇಲೆ.

ಹೃದಯ ಕಸಿಗೂ ಇದು ಅನ್ವಯಿಸುತ್ತದೆ. ಹಿಂದೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ರಕ್ತ ಪಡೆದವರಲ್ಲಿ ಪ್ರತಿಕಾಯ ಇರುವ ಸಾಧ್ಯತೆ ಹೆಚ್ಚು. ದೇಹದಿಂದ ತೆಗೆದ ಹೃದಯವನ್ನು ಸಾಮಾನ್ಯವಾಗಿ ಸುಮಾರು ನಾಲ್ಕು ಗಂಟೆಯೊಳಗೆ ಜೋಡಿಸಬೇಕು. ಆ ಅವಸರದಲ್ಲಿ ಪರೀಕ್ಷೆಗೆ ಸಮಯ ಸಾಲದು. ಹಾಗಾಗಿ ರೋಗಿಯ ರಕ್ತದಲ್ಲಿ ಯಾವ ಯಾವ ಗುರುತಿನ ವಿರುದ್ಧ ಪ್ರತಿಕಾಯ ಇದೆ ಎಂಬ ಪಟ್ಟಿಯನ್ನು ಮೊದಲೇ ಸಿದ್ಧ ಮಾಡಿಟ್ಟು, ದಾನಿಯ ಗುರುತಿನೊಂದಿಗೆ ತಾಳೆ ನೋಡಲಾಗುತ್ತದೆ.

ತಿರಸ್ಕಾರ ತಡೆಯಲು ಇಂದು ಏನೇನಿದೆ?

ಟೆರಾಸಾಕಿ ಕಾಲದ ಪರೀಕ್ಷೆಗಿಂತ ಇಂದಿನ ಪರೀಕ್ಷೆಗಳು ಬಹಳ ಸೂಕ್ಷ್ಮ. ಫ್ಲೋ ಕ್ರಾಸ್‌ಮ್ಯಾಚ್ ಮತ್ತು ಲೂಮಿನೆಕ್ಸ್ ಎಂಬ ಪರೀಕ್ಷೆಗಳು ಸ್ವಲ್ಪವೇ ಇರುವ ಪ್ರತಿಕಾಯವನ್ನೂ ತೋರಿಸುತ್ತವೆ. ಅದು ಯಾವ ಗುರುತಿನ ವಿರುದ್ಧ ಎಂಬುದನ್ನೂ ಲೂಮಿನೆಕ್ಸ್ ಹೇಳುತ್ತದೆ.

ಪ್ರತಿಕಾಯ ಕಂಡರೆ ಮೊದಲ ಆಯ್ಕೆ ಬೇರೆ ದಾನಿಯನ್ನು ಹುಡುಕುವುದು. ಎರಡು ಕುಟುಂಬಗಳ ದಾನಿಗಳನ್ನು ಅದಲು ಬದಲು ಮಾಡುವ ಸ್ವಾಪ್ ಕಸಿಗೆ 2011ರ ತಿದ್ದುಪಡಿಯ ಮೂಲಕ ನಮ್ಮ ಕಾನೂನು ಅವಕಾಶ ಕೊಟ್ಟಿದೆ. ಒಂದು ಮನೆಯ ಗಂಡನ ಕಿಡ್ನಿ ಇನ್ನೊಂದು ಮನೆಯ ರೋಗಿಗೆ, ಆ ಮನೆಯವರ ಕಿಡ್ನಿ ಈ ಮನೆಯ ರೋಗಿಗೆ.

ಬೇರೆ ದಾನಿ ಸಿಗದಿದ್ದರೆ ಪ್ರತಿಕಾಯವನ್ನೇ ತಗ್ಗಿಸುವ ಪ್ರಯತ್ನ ನಡೆಯುತ್ತದೆ. ಪ್ಲಾಸ್ಮಾ ವಿನಿಮಯದಲ್ಲಿ ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಪ್ರತಿಕಾಯ ತುಂಬಿದ ದ್ರವಭಾಗವನ್ನು ತೆಗೆದು ಬೇರೆ ದ್ರವ ತುಂಬುತ್ತಾರೆ. ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಕೊಡುತ್ತಾರೆ. ಪ್ರತಿಕಾಯ ತಯಾರಿಸುವ ಕೋಶಗಳ ಸಾಲನ್ನು ತಗ್ಗಿಸಲು ರಿಟುಕ್ಸಿಮ್ಯಾಬ್‌ನಂಥ ಔಷಧವನ್ನೂ ಬಳಸುವುದುಂಟು. ಪ್ರತಿಕಾಯಗಳನ್ನು ಕತ್ತರಿಯಂತೆ ತುಂಡರಿಸುವ ಇಮ್ಲಿಫಿಡೇಸ್ ಎಂಬ ಕಿಣ್ವಕ್ಕೆ ಯುರೋಪ್‌ನಲ್ಲಿ 2020ರಲ್ಲಿ ಷರತ್ತಿನ ಒಪ್ಪಿಗೆ ಸಿಕ್ಕಿದೆ.

ಇವು ಯಾವುವೂ ಅಗ್ಗದ ಚಿಕಿತ್ಸೆಗಳಲ್ಲ, ಅಪಾಯವಿಲ್ಲದವೂ ಅಲ್ಲ. ತೆಗೆದ ಪ್ರತಿಕಾಯ ಕೆಲವು ವಾರಗಳಲ್ಲಿ ಮತ್ತೆ ಏರಬಹುದು. ನಿರೋಧಕ ಶಕ್ತಿ ತಗ್ಗಿಸಿದಷ್ಟೂ ಸೋಂಕಿನ ಭಯ ಹೆಚ್ಚು. 1968ರಲ್ಲಿ ಸೇನ್ ಮತ್ತು ಬರ್ನಾರ್ಡ್ ಪೀಳಿಗೆಯ ವೈದ್ಯರನ್ನು ಕಾಡಿದ ತೂಗುಯ್ಯಾಲೆ ಇಂದೂ ಪೂರ್ತಿ ನಿಂತಿಲ್ಲ. ಆದರೆ ಅಂದು ಕಣ್ಣಿಗೆ ಕಾಣದಿದ್ದ ಶತ್ರುವನ್ನು ಇಂದು ಅಳೆಯಬಹುದು.

ರೋಗಿಯ ಕೈಯಲ್ಲೇ ಇರುವ ಕೆಲಸವೂ ಒಂದಿದೆ. ಕಸಿಯ ನಂತರ ಔಷಧವನ್ನು ಹೊತ್ತು ತಪ್ಪಿಸಿದರೆ, ಮೊದಲು ಇಲ್ಲದಿದ್ದ ಪ್ರತಿಕಾಯವೂ ಹೊಸದಾಗಿ ಹುಟ್ಟಬಹುದು. ಚೆನ್ನಾಗಿದ್ದೇನೆಂದು ಮಾತ್ರೆ ಬಿಡುವುದು, ದುಡ್ಡಿನ ತೊಂದರೆಯಿಂದ ಅರ್ಧ ಮಾತ್ರೆ ನುಂಗುವುದು, ವರ್ಷಗಳ ನಂತರ ಅಂಗ ಕೈಕೊಡಲು ಮುಖ್ಯ ಕಾರಣಗಳಲ್ಲಿ ಸೇರಿವೆ. ಕಿಡ್ನಿ ಕಾಯಿಲೆ ಇರುವವರಿಗೆ ಅಗತ್ಯವಿಲ್ಲದೆ ರಕ್ತ ಕೊಡಿಸದಿರುವುದೂ ಮುಂದಿನ ಕಸಿಯ ದೃಷ್ಟಿಯಿಂದ ಒಳ್ಳೆಯದು. ಈ ಬಗ್ಗೆ ಚಿಕಿತ್ಸೆ ಕೊಡುವ ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಸೇನ್ ಕಾಣದೆ ಹೋದ ದಿನಗಳು

ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಸಿಕ್ಕ ಸೈಕ್ಲೋಸ್ಪೋರಿನ್ ಎಂಬ ಔಷಧ ಕಸಿಯ ಚಿತ್ರವನ್ನೇ ಬದಲಿಸಿತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ. ಸೇನ್ ತೀರಿಕೊಂಡದ್ದು ಅದಕ್ಕೂ ಒಂದು ವರ್ಷ ಮೊದಲು, 1982ರ ಜುಲೈ 22ರಂದು. ಅವರಿಗಾಗ 66 ವರ್ಷ.

ಮೆದುಳು ನಿಷ್ಕ್ರಿಯತೆಯನ್ನು ಸಾವೆಂದು ಒಪ್ಪುವ ಮಾನವ ಅಂಗಾಂಗ ಕಸಿ ಕಾಯ್ದೆ 1994ರಲ್ಲಿ ಬಂತು. ಅದೇ ವರ್ಷದ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ಮುಂಬೈ ಇನ್ನೂ ಕಾಯಬೇಕಿತ್ತು. ಸೇನ್ ಅವರ ಪ್ರಯತ್ನದ 47 ವರ್ಷಗಳ ನಂತರ, 2015ರ ಆಗಸ್ಟ್‌ನಲ್ಲಿ, ಪುಣೆಯಿಂದ ತಂದ ಹೃದಯವನ್ನು ಮುಲುಂಡ್‌ನ ಖಾಸಗಿ ಆಸ್ಪತ್ರೆಯೊಂದರಲ್ಲಿ ಯಶಸ್ವಿಯಾಗಿ ಜೋಡಿಸಲಾಯಿತು. 2024ರ ಜುಲೈನಲ್ಲಿ ಕೆಇಎಂ ಆಸ್ಪತ್ರೆಯಲ್ಲೇ, 56 ವರ್ಷಗಳ ನಂತರ, ಮತ್ತೆ ಹೃದಯ ಕಸಿ ನಡೆಯಿತು. ಮಹಾನಗರ ಪಾಲಿಕೆಯ ಆಸ್ಪತ್ರೆಯಲ್ಲಿ ಸಾಮಾನ್ಯ ಜನರಿಗೆ ಇಂಥ ಚಿಕಿತ್ಸೆ ಸಿಗಬೇಕೆಂಬ ಸೇನ್ ಅವರ ಪ್ರಯತ್ನದ ಎಳೆ ಅಲ್ಲಿ ಮತ್ತೆ ಕೂಡಿಕೊಂಡಿತು.

ಮುಂಬೈಯಲ್ಲಿ ವಲಯ ಕಸಿ ಸಮನ್ವಯ ಕೇಂದ್ರ, ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ಮೃತರ ಅಂಗಾಂಗ ಹಂಚಿಕೆಯನ್ನು ನೋಡಿಕೊಳ್ಳುತ್ತವೆ. ರಕ್ತದಲ್ಲಿ ಪ್ರತಿಕಾಯ ತುಂಬಿಕೊಂಡ ರೋಗಿಗೆ ಹೊಂದುವ ದಾನಿ ಸಿಗುವುದು ನೂರರಲ್ಲಿ ಒಬ್ಬರೋ ಇಬ್ಬರೋ ಆಗಿರಬಹುದು. ದಾನಿಗಳ ಸಂಖ್ಯೆ ಹೆಚ್ಚಿದಷ್ಟೂ ಆ ಒಬ್ಬರು ಸಿಗುವ ಅವಕಾಶ ಹೆಚ್ಚು. ಬೇರೆಯವರಿಗೆ ತಿಂಗಳುಗಳ ಕಾಯುವಿಕೆಯಾದರೆ ಇಂಥವರಿಗೆ ಅದು ವರ್ಷಗಳದ್ದು; ಅಲ್ಲಿಯವರೆಗೂ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ತಪ್ಪದು.

ಬೊರಿವಲಿಯಿಂದ ಫೈಲ್ ಹಿಡಿದು ಲೋಕಲ್ ಹತ್ತುವ ರೋಗಿಗೆ ಡಾ. ಸೇನ್ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಆ ಫೈಲಿನೊಳಗಿನ ಕ್ರಾಸ್‌ಮ್ಯಾಚ್ ವರದಿ, ಶ್ವಾಸಕೋಶದ ಒತ್ತಡದ ಅಳತೆ, ದಾನಿಯ ಮನೆಯವರು ಸಹಿ ಹಾಕಿದ ಒಪ್ಪಿಗೆ ಪತ್ರ, ಇವು ಯಾವುವೂ 1968ರ ಆ ಫೆಬ್ರುವರಿಯಲ್ಲಿ ಇಂದಿನ ರೂಪದಲ್ಲಿ ಇರಲಿಲ್ಲ. ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ಭಾರತ ಮೊದಲು ಕಂಡದ್ದು ಪರೇಲ್‌ನ ಅದೇ ಆಸ್ಪತ್ರೆಯಲ್ಲಿ.